ಧರೆ, ತಡೆಗೋಡೆ, ಮಣ್ಣೊಳಗಿನ ನೀರು: ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡು, ಕೊಡಗು, ಕರಾವಳಿಯಲ್ಲಿ ಸಮತಟ್ಟು ಜಾಗ ಸಿಗುವುದೇ ಕಷ್ಟ. ಮನೆ ಕಟ್ಟಬೇಕಾದರೆ ಗುಡ್ಡ ಕಡಿಯಬೇಕು. ಕಡಿದ ಮೇಲೆ ಮನೆ ಹಿಂದೆ ಒಂದು ಧರೆ, ಅಂದರೆ ಕಡಿದಾದ ಮಣ್ಣಿನ ಮುಖ, ಉಳಿಯುತ್ತದೆ. ಕಡಿದ ಮಣ್ಣನ್ನು ಅಂಗಳದ ಮುಂದೆ ತುಂಬಿದರೆ ಅದನ್ನು ಹಿಡಿಯಲು ಒಂದು ತಡೆಗೋಡೆ ಬೇಕಾಗುತ್ತದೆ. ಜೂನ್ ಬಂತೆಂದರೆ ಮನೆಯವರ ಕಣ್ಣೆಲ್ಲ ಇವೆರಡರ ಮೇಲೆ. ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಹೆಚ್ಚಾಗಿ ಕಲ್ಲು, ಸಿಮೆಂಟು, ಕಬ್ಬಿಣದ ಬಗ್ಗೆ ಇರುತ್ತವೆ. ಉತ್ತರ ಹುಡುಕುತ್ತಾ ಹೋದರೆ ಬಹುಪಾಲು ನೀರಿನ ಹತ್ತಿರವೇ ಬಂದು ನಿಲ್ಲುತ್ತದೆ.

ಬೇಸಿಗೆಯಲ್ಲಿ ಕಲ್ಲಿನ ಹಾಗೆ ನಿಂತಿದ್ದ ಧರೆ ಮಳೆಗಾಲದಲ್ಲಿ ಯಾಕೆ ಕುಸಿಯುತ್ತದೆ?

ಹೊಳೆ ದಂಡೆಯಲ್ಲಿ ಮಕ್ಕಳು ಕಾಲ ಮೇಲೆ ಮರಳು ಒಟ್ಟಿ ಗುಬ್ಬಿಗೂಡು ಕಟ್ಟುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಪೂರ್ತಿ ಒಣಗಿದ ಮರಳಲ್ಲಿ ಗೂಡು ನಿಲ್ಲುವುದಿಲ್ಲ. ನೀರಲ್ಲಿ ಮುಳುಗಿದ ಮರಳಲ್ಲೂ ನಿಲ್ಲುವುದಿಲ್ಲ. ಹಸಿ ಮರಳಲ್ಲಿ ಮಾತ್ರ ನಿಲ್ಲುತ್ತದೆ. ಕಣಗಳ ನಡುವೆ ಇರುವ ತೆಳ್ಳನೆ ನೀರಿನ ಪೊರೆ ಅವನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. ಧರೆಯ ಮಣ್ಣಿನಲ್ಲೂ ಬೇಸಿಗೆಯಲ್ಲಿ ಇದೇ ಹಿಡಿತ ಇರುತ್ತದೆ. ಹದಿನೈದು ಅಡಿ ನೆಟ್ಟಗೆ ಕಡಿದರೂ ಜೆಸಿಬಿಯವರು "ಏನೂ ಆಗಲ್ಲ ಸಾರ್" ಅನ್ನುವುದು ಈ ಹಿಡಿತ ನೋಡಿಯೇ.

ಮಳೆಗಾಲದಲ್ಲಿ ಎರಡು ಕೆಲಸ ಆಗುತ್ತವೆ. ಮೊದಲಿಗೆ, ಕಣಗಳ ನಡುವಿನ ಸಂದೆಲ್ಲ ನೀರು ತುಂಬಿ ಆ ಎಳೆತ ಹೋಗುತ್ತದೆ. ಆಮೇಲೆ, ನೀರಿನ ಮಟ್ಟ ಇನ್ನೂ ಏರಿದಂತೆ ಒಳಗಿನ ನೀರೇ ಕಣಗಳನ್ನು ದೂರ ತಳ್ಳಲು ಶುರು ಮಾಡುತ್ತದೆ. ಈ ಎರಡನೆಯದೇ ಜಾಸ್ತಿ ಅಪಾಯ.

ಒಂದು ಸಣ್ಣ ಲೆಕ್ಕ ಹಾಕೋಣ. ಸಮತಟ್ಟು ನೆಲದಲ್ಲಿ ಎರಡು ಮೀಟರ್ ಆಳದಲ್ಲಿರುವ ಮಣ್ಣಿನ ಮೇಲೆ, ಹೆಚ್ಚು ನೀರಿಲ್ಲದಾಗ, ಚದರ ಮೀಟರಿಗೆ ಸುಮಾರು 3.6 ಟನ್ ಭಾರ ಇರುತ್ತದೆ. ಆ ಭಾರವೆಲ್ಲ ಕಣದಿಂದ ಕಣಕ್ಕೆ ಇಳಿಯುತ್ತದೆ. ಒತ್ತಿ ಹಿಡಿದಷ್ಟೂ ಕಣಗಳ ತಿಕ್ಕಾಟ ಹೆಚ್ಚು, ಮಣ್ಣು ಗಟ್ಟಿ. ಈಗ ನೆಲದ ಮಟ್ಟದವರೆಗೂ ನೀರು ತುಂಬಿತು ಅನ್ನಿ. ಭಾರ ಸುಮಾರು 4 ಟನ್ ಆಯಿತು. ಆದರೆ ಅದರಲ್ಲಿ 2 ಟನ್ನನ್ನು ನೀರೇ ಹೊತ್ತಿದೆ. ಕಣಗಳ ನಡುವೆ ಉಳಿದ ಒತ್ತಡ 2 ಟನ್ ಮಾತ್ರ. ಅಂದರೆ ಕೆಳಗೆ ಎಳೆಯುವ ಭಾರ ಜಾಸ್ತಿ ಆಯಿತು, ತಡೆದು ಹಿಡಿಯುವ ಶಕ್ತಿ ಅರ್ಧದ ಹತ್ತಿರಕ್ಕೆ ಬಂತು. 1920ರ ದಶಕದಲ್ಲಿ ಕಾರ್ಲ್ ಟೆರ್ಝಾಗಿ ಎಂಬ ಎಂಜಿನಿಯರ್ ಈ ಲೆಕ್ಕವನ್ನು ಮುಂದಿಟ್ಟರು. ಇವತ್ತಿಗೂ ಮಣ್ಣಿನ ಎಂಜಿನಿಯರಿಂಗ್ ನಿಂತಿರುವುದು ಇದರ ಮೇಲೆಯೇ.

ಇಳಿಜಾರಿಗೆ ಇದನ್ನು ಹೊಂದಿಸಿದರೆ ಹೀಗಾಗುತ್ತದೆ: ಅಂಟಿಲ್ಲದ ಮಣ್ಣೊಂದು ಒಣಗಿದ್ದಾಗ 34 ಡಿಗ್ರಿ ಇಳಿಜಾರಿನವರೆಗೆ ನಿಲ್ಲುತ್ತದೆ ಅನ್ನೋಣ. ಅದರಲ್ಲಿ ಮೇಲ್ಮೈವರೆಗೂ ನೀರು ತುಂಬಿ ಇಳಿಜಾರಿನ ಉದ್ದಕ್ಕೆ ಹರಿಯತೊಡಗಿದರೆ 18–19 ಡಿಗ್ರಿಗಿಂತ ಕಡಿದಾಗಿ ನಿಲ್ಲಲಾರದು.

ನೀರು ಮಣ್ಣನ್ನು ಎಣ್ಣೆ ಹಚ್ಚಿದ ಹಾಗೆ ನುಣುಪು ಮಾಡುತ್ತದೆ, ಅದಕ್ಕೇ ಜಾರುತ್ತದೆ ಅನ್ನುತ್ತಾರೆ. ನಿಜವಾ?

ಅಲ್ಲ. ಕುಸಿಯುವುದು ನೀರಿನ ಒತ್ತಡದಿಂದ. ಈ ವ್ಯತ್ಯಾಸ ಸುಮ್ನೆ ಪುಸ್ತಕದ ಮಾತಲ್ಲ. ನುಣುಪೇ ಕಾರಣವಾಗಿದ್ದರೆ ಒದ್ದೆಯಾದ ಮಣ್ಣಿಗೆ ನಾವು ಮಾಡಬಹುದಾದ್ದು ಏನೂ ಇರುತ್ತಿರಲಿಲ್ಲ. ಕಾರಣ ಒತ್ತಡವಾದ್ದರಿಂದ, ನೀರಿನ ಮಟ್ಟವನ್ನು ಒಂದು ಮೀಟರ್ ಇಳಿಸಿದರೂ ಲಾಭ ಸಿಗುತ್ತದೆ. ಮಣ್ಣು ಒಣಗಬೇಕೆಂದೇನಿಲ್ಲ, ನೀರಿಗೆ ಹೊರಗೆ ದಾರಿ ಇದ್ದರೆ ಸಾಕು. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆದು ಬೇರಿನ ಬುಡದ ನೀರು ಇಳಿಸುವವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಮಳೆ ನಿಂತು ಎರಡು ದಿನ ಆಗಿತ್ತು. ಬಿಸಿಲೂ ಬಂದಿತ್ತು. ಆಮೇಲೆ ಕುಸಿಯಿತು. ಹೇಗೆ?

ಮೇಲೆ ಬಿದ್ದ ಮಳೆ ಧರೆಯ ಬುಡಕ್ಕೆ ತಲುಪಲು ಸಮಯ ಬೇಕು. ಮರಳು ಮಣ್ಣಾದರೆ ಗಂಟೆಗಳು, ಜೇಡಿ ಮಣ್ಣಾದರೆ ದಿನಗಳು, ಕೆಲವೊಮ್ಮೆ ವಾರಗಳು. ಮೇಲಿನ ಗುಡ್ಡ ದೊಡ್ಡದಿದ್ದಷ್ಟೂ ಅಲ್ಲಿ ಇಂಗಿದ ನೀರು ನಿಧಾನಕ್ಕೆ ಕೆಳಗೆ ಬರುತ್ತಲೇ ಇರುತ್ತದೆ. ನಿಮ್ಮ ಬಾವಿ ನೋಡಿ. ಮಳೆ ಬಿಟ್ಟ ದಿನವೇ ಬಾವಿ ನೀರು ಇಳಿಯುತ್ತದಾ? ಇಲ್ಲ ಅಲ್ವಾ. ಬಾವಿಯಲ್ಲಿ ಕಾಣುವ ಆ ಮಟ್ಟವೇ ಧರೆಯೊಳಗೂ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಹಾಗಾಗಿ ಒಂದು ದಿನದ ಮಳೆ ಎಷ್ಟು ಬಂತು ಅನ್ನುವುದರ ಜೊತೆಗೆ ಹಿಂದಿನ ಎರಡು ಮೂರು ವಾರ ಎಷ್ಟು ಬಂದಿತ್ತು ಅನ್ನುವುದೂ ಮುಖ್ಯ. ಜೂನ್ ಮೊದಲ ವಾರದ ಜಡಿಮಳೆಯನ್ನು ತಡೆದುಕೊಂಡ ಧರೆ ಆಗಸ್ಟಿನಲ್ಲಿ ಅದಕ್ಕಿಂತ ಸಣ್ಣ ಮಳೆಗೆ ಬೀಳಬಹುದು.

ನಮ್ಮಲ್ಲಿ ಮೇಲೆ ಗಟ್ಟಿ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಇದೆ. ನಮಗೇನೂ ಭಯ ಇಲ್ಲ ಅಲ್ವಾ?

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಕರಾವಳಿಯಲ್ಲಿ ತುಂಬಾ ಜನ ಹೀಗೇ ನಂಬಿದ್ದಾರೆ. ಈ ನಂಬಿಕೆಯೇ ಅಪಾಯ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮುರಕಲ್ಲಿನ ಪದರ ಗಟ್ಟಿಯೇ. ಆದರೆ ಅದರ ತುಂಬಾ ತೂತು, ಬಿರುಕು. ಮಳೆ ನೀರು ಅದರಲ್ಲಿ ಸಲೀಸಾಗಿ ಇಳಿಯುತ್ತದೆ. ಕೆಳಗೆ ಇರುವುದು ಶೇಡಿ ಮಣ್ಣು. ಬಿಳಿ, ಗುಲಾಬಿ, ಹಳದಿ ಬಣ್ಣದ, ಕೈಯಲ್ಲಿ ಉಜ್ಜಿದರೆ ಹಿಟ್ಟಿನ ಹಾಗೆ ಆಗುವ ಮಣ್ಣು. ಬಾವಿ ತೋಡುವವರಿಗೆ ಅದರ ಗುಣ ಚೆನ್ನಾಗಿ ಗೊತ್ತು. ಒಣಗಿದ್ದಾಗ ಗುದ್ದಲಿ ಹೊಡೆದರೂ ಗಟ್ಟಿ ಅನ್ನಿಸುತ್ತದೆ. ನೀರು ಕುಡಿದರೆ ಕರಗಿ ಕೆಸರಾಗುತ್ತದೆ. ನೀರು ಅದರಲ್ಲಿ ಮುರಕಲ್ಲಿನಷ್ಟು ಬೇಗ ಇಳಿಯುವುದೂ ಇಲ್ಲ. ಮೇಲಿಂದ ಸರಾಗವಾಗಿ ಬಂದ ನೀರು ಶೇಡಿಯ ನೆತ್ತಿಯಲ್ಲಿ ತಡೆದು ನಿಲ್ಲುತ್ತದೆ, ಅಲ್ಲಿಂದ ಅಡ್ಡಕ್ಕೆ ಹರಿದು ಧರೆಯ ಮುಖದಲ್ಲಿ ಒಸರುತ್ತದೆ. ಒಸರುವಾಗ ಶೇಡಿಯನ್ನೂ ಸ್ವಲ್ಪ ಸ್ವಲ್ಪವೇ ಹೊರಗೆ ತರುತ್ತದೆ. ಕೆಳಗೆ ಟೊಳ್ಳಾಗುತ್ತದೆ. ಒಂದು ದಿನ ಮೇಲಿನ ಮುರಕಲ್ಲು ಇಡಿಯಾಗಿ ಬಂಡೆಯ ಹಾಗೆ ಉರುಳುತ್ತದೆ.

ನಿಮ್ಮ ಧರೆಯ ಎದುರು ನಿಂತು ನೋಡಿ. ಕೆಂಪು ಮುಗಿದು ಬಿಳಿ ಅಥವಾ ಗುಲಾಬಿ ಶುರುವಾಗುವ ಗೆರೆಯಲ್ಲಿ ಜರಿಗಿಡಗಳು ಸಾಲಾಗಿ ಹುಟ್ಟಿವೆಯಾ? ಏಪ್ರಿಲ್ ತಿಂಗಳಲ್ಲೂ ಅಲ್ಲಿ ಪಾಚಿ ಹಸಿರಾಗಿದೆಯಾ? ಕೈ ಇಟ್ಟರೆ ತಣ್ಣಗಿದೆಯಾ? ಹಾಗಿದ್ದರೆ ನೀರು ಹೊರಬರುವ ಗೆರೆ ಅದೇ. ಆ ಗೆರೆಯ ಕೆಳಗೆ ಬೆರಳು ಹಾಕಿದರೆ ಹೋಗುವಂಥ ಸಣ್ಣ ತೂತುಗಳು, ಬುಡದಲ್ಲಿ ಬಿಳಿ ಮಣ್ಣಿನ ಗುಪ್ಪೆ ಕಂಡರೆ ಒಳಗಿಂದ ಮಣ್ಣು ಕೊಚ್ಚಿಹೋಗುತ್ತಿದೆ ಎಂದು ತಿಳಿಯಿರಿ.

"ಜಲಸ್ಫೋಟ" ಆಯಿತು ಅನ್ನುತ್ತಾರೆ. ಗುಡ್ಡದೊಳಗೆ ನೀರು ನಿಜವಾಗಲೂ ಸಿಡಿಯುತ್ತದಾ?

2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಮುತ್ತ, ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಗಳು ಇಳಿದಾಗ ಈ ಮಾತು ಎಲ್ಲರ ಬಾಯಲ್ಲೂ ಇತ್ತು. ನೋಡಿದವರು ಸುಳ್ಳು ಹೇಳಿಲ್ಲ. ದೊಡ್ಡ ಸದ್ದು ಬರುತ್ತದೆ, ಕೆಸರು ನೀರು ಚಿಮ್ಮುತ್ತದೆ, ಮರಗಳು ನಿಂತ ಹಾಗೆಯೇ ಜಾರುತ್ತವೆ.

ಒಳಗೆ ಆಗುವುದು ಇಷ್ಟು: ಗುಡ್ಡದ ಮೇಲ್ಮೈಯಲ್ಲಿ ಕೆಲವು ಮೀಟರ್ ದಪ್ಪದ ಮಣ್ಣು, ಅದರಡಿ ಬಂಡೆ. ಬಂಡೆಯ ಸೀಳುಗಳಲ್ಲಿ ಮೇಲಿನ ಗುಡ್ಡದಿಂದ ನೀರು ಇಳಿದು ಬರುತ್ತಿರುತ್ತದೆ. ಮೇಲೆ ನೀರು ನಿಂತ ಎತ್ತರ ಹೆಚ್ಚಿದಷ್ಟೂ ಕೆಳಗಿನ ಒತ್ತಡ ಹೆಚ್ಚು. ಹತ್ತು ಮೀಟರ್ ಎತ್ತರಕ್ಕೆ ಚದರ ಮೀಟರಿಗೆ ಹತ್ತು ಟನ್. ಈ ಒತ್ತಡ ಮೇಲಿನ ಮಣ್ಣಿನ ಹೊದಿಕೆಯನ್ನು ಅಡಿಯಿಂದ ಎತ್ತುತ್ತದೆ. ಹೊದಿಕೆ ಹರಿದು ಜಾರಿದ ಕ್ಷಣ ಒಳಗಿನ ನೀರೆಲ್ಲ ಒಮ್ಮೆಗೇ ಹೊರಗೆ ಬರುತ್ತದೆ. ಬಾಂಬ್ ಸಿಡಿದ ಹಾಗೆ ಕಾಣುತ್ತದೆ. ಆದರೆ ಒತ್ತಡ ಏರಿದ್ದು ದಿನಗಟ್ಟಲೆ ಮೊದಲಿನಿಂದ. ಆ ದಿನಗಳಲ್ಲಿ ಹೊಸ ಒರತೆ, ಕೆಂಪಾದ ಒರತೆ, ಇದ್ದಕ್ಕಿದ್ದ ಹಾಗೆ ನಿಂತುಹೋದ ಒರತೆ, ಇಂಥ ಸುಳಿವು ಸಿಗುವುದುಂಟು.

ಹೆದ್ದಾರಿಗೆ ಗುಡ್ಡ ಕಡಿದರೆ ಒಳಗಿನ ನೀರಿಗೇನು ಸಂಬಂಧ?

ಇದೆ. ಗುಡ್ಡದ ಬುಡ ಅಂದರೆ ಮೇಲಿನ ಮಣ್ಣನ್ನು ತಡೆದು ನಿಲ್ಲಿಸುವ ಭಾಗ. ಅದನ್ನು ತೆಗೆದರೆ ಆಧಾರ ಹೋಯಿತು. ಜೊತೆಗೆ, ಮೊದಲು ಆಳದಲ್ಲಿ ಹರಿದು ಹೊಳೆ ಸೇರುತ್ತಿದ್ದ ನೀರು ಈಗ ಕಡಿದ ಮುಖದಲ್ಲೇ ಹೊರಬರಬೇಕು. ಬುಡದ ಮಣ್ಣು ತೆಳ್ಳಗಾದ ಕಡೆಯೇ ನೀರು ಜಾಸ್ತಿ ಸೇರುತ್ತದೆ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಭಾರಿ ಮಳೆಯ ನಡುವೆ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿ ಗಂಗಾವಳಿ ನದಿಗೆ ಬಿತ್ತು. ಚತುಷ್ಪಥಕ್ಕೆಂದು ಕಡಿದಿದ್ದ ಗುಡ್ಡ ಅದು. ರಸ್ತೆ ಬದಿಯ ಚಹಾ ಅಂಗಡಿ, ಅಲ್ಲಿ ನಿಂತಿದ್ದ ಜನ, ವಾಹನಗಳು ಮಣ್ಣು ಪಾಲಾದವು. ನದಿಯ ನೀರು ಉಕ್ಕಿ ಆಚೆ ದಡದ ಉಳುವರೆಯ ಮನೆಗಳಿಗೂ ಬಡಿಯಿತು. ನದಿಯಲ್ಲಿ ಮುಳುಗಿದ್ದ ಒಂದು ಲಾರಿಯನ್ನು ಮೇಲೆತ್ತಲು ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಅದಾದ ಎರಡು ವಾರಕ್ಕೆ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಹೋದವು. ಅಲ್ಲಿ ಕುಸಿತ ಶುರುವಾದದ್ದು ಊರಿಗಿಂತ ತುಂಬಾ ಮೇಲೆ, ಕಾಡಿನ ಕಡಿದಾದ ಇಳಿಜಾರಿನಲ್ಲಿ. ಒಂದು ಕಡೆ ಕಡಿದ ಬುಡ, ಇನ್ನೊಂದು ಕಡೆ ಮೈಲಿ ದೂರದ ನೆತ್ತಿ. ಎರಡರಲ್ಲೂ ಮಣ್ಣಿನೊಳಗೆ ಹಿಡಿಸಲಾರದಷ್ಟು ನೀರು ಸೇರಿತ್ತು.

ತಡೆಗೋಡೆಯ ಹಿಂದೆ ನೀರು ನಿಂತರೆ ಎಷ್ಟು ಭಾರ ಬೀಳುತ್ತದೆ?

ಹತ್ತಡಿ ಗೋಡೆ, ಅಂದರೆ ಮೂರು ಮೀಟರ್ ಎತ್ತರ ಇಟ್ಟುಕೊಳ್ಳಿ. ಹಿಂದೆ ಮರಳು ಮಿಶ್ರಿತ ಒಳ್ಳೆ ಮಣ್ಣು. ನೀರಿಲ್ಲದಾಗ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಮಣ್ಣು ತಳ್ಳುವ ಬಲ ಸುಮಾರು 2.7 ಟನ್. ಹಿಂದೆ ಪೂರ್ತಿ ನೀರು ತುಂಬಿದರೆ ನೀರಿನದೇ 4.5 ಟನ್. ಮುಳುಗಿದ ಮಣ್ಣು ಹಗುರಾಗುವುದರಿಂದ ಮಣ್ಣಿನ ಪಾಲು 1.5 ಟನ್ನಿಗೆ ಇಳಿಯುತ್ತದೆ. ಒಟ್ಟು 6 ಟನ್. ಗೋಡೆ ಅದೇ, ಮಣ್ಣು ಅದೇ, ಬಲ ಮಾತ್ರ ಎರಡು ಪಟ್ಟಿಗಿಂತ ಜಾಸ್ತಿ. ನಲವತ್ತಡಿ ಉದ್ದದ ಗೋಡೆಗೆ ಸುಮಾರು ಎಪ್ಪತ್ತು ಟನ್‌ಗೂ ಮೇಲೆ.

ಬುಡದಡಿಗೂ ನೀರು ಹೋದರೆ ಗೋಡೆಯನ್ನೇ ಮೇಲೆತ್ತುತ್ತದೆ. ಬುಡದ ಮಣ್ಣು ಮೆತ್ತಗಾಗುತ್ತದೆ. ತಳ್ಳುವ ಬಲ ಹೆಚ್ಚಾದ ಹೊತ್ತಿನಲ್ಲೇ ಹಿಡಿಯುವ ಬಲ ಕಮ್ಮಿ ಆಗುತ್ತದೆ. ಗೋಡೆ ಬೀಳುವ ಮಳೆಗಾಲದ ರಾತ್ರಿ ನಡೆಯುವುದು ಇದೇ.

ಜನ ನಂಬಲು ಕಷ್ಟಪಡುವ ವಿಷಯ ಇನ್ನೊಂದಿದೆ. ಎಷ್ಟು ನೀರು ನಿಂತಿದೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ, ಎಷ್ಟು ಎತ್ತರ ನಿಂತಿದೆ ಅನ್ನುವುದಷ್ಟೇ ಲೆಕ್ಕ. ಗೋಡೆಗೂ ಧರೆಗೂ ನಡುವೆ ಎರಡೇ ಇಂಚಿನ ಸಂದು ಇದ್ದು, ಅದರಲ್ಲಿ ಹತ್ತಡಿ ಎತ್ತರಕ್ಕೆ ನೀರು ನಿಂತರೂ ಮೀಟರಿಗೆ ಅದೇ 4.5 ಟನ್. ಹಿಂದೆ ಕೆರೆಯೇ ಇದ್ದರೂ ಅಷ್ಟೇ. "ಅಲ್ಲಿ ಎಷ್ಟು ಮಹಾ ನೀರು ನಿಲ್ಲುತ್ತೆ" ಅನ್ನುವ ಮಾತಿಗೆ ಅರ್ಥವಿಲ್ಲ.

ಹಾಗಾದರೆ ಗೋಡೆ ದಪ್ಪ ಮಾಡಿ, ಕಬ್ಬಿಣ ಜಾಸ್ತಿ ಹಾಕಿದರೆ ಆಯಿತಲ್ಲ?

ಮಾಡಬಹುದು. ಆಗ ನೀವು ಕಟ್ಟುವುದು ಅಣೆಕಟ್ಟು. ಖರ್ಚೂ ಅಣೆಕಟ್ಟಿನದೇ. ಎತ್ತರ ಎರಡು ಪಟ್ಟಾದರೆ ನೀರು ತಳ್ಳುವ ಬಲ ನಾಲ್ಕು ಪಟ್ಟು, ಗೋಡೆಯನ್ನು ಮಗುಚುವ ಶಕ್ತಿ ಎಂಟು ಪಟ್ಟು ಆಗುತ್ತದೆ. ಅದನ್ನು ಕಾಂಕ್ರೀಟಿನಿಂದ ಎದುರಿಸುವ ದುಡ್ಡಿನಲ್ಲಿ ಸಣ್ಣ ಪಾಲು ಸಾಕು, ಜಲ್ಲಿ ಮತ್ತು ಪೈಪಿನಿಂದ ನೀರನ್ನು ಹೊರಗೆ ಬಿಡಲು. ಮೊದಲು ನೀರಿಗೆ ದಾರಿ, ಆಮೇಲೆ ಗೋಡೆಯ ದಪ್ಪ. ನನ್ನ ಅಭಿಪ್ರಾಯದಲ್ಲಿ ಈ ಕ್ರಮ ತಪ್ಪುವುದರಿಂದಲೇ ಮನೆಗಳ ತಡೆಗೋಡೆಗಳು ಬೀಳುತ್ತಿವೆ.

ಗೋಡೆಗೆ ವೀಪ್ ಹೋಲ್ (ಹಿಂದಿನ ನೀರು ಹೊರಬರುವ ತೂತು) ಎಷ್ಟು ಬಿಡಬೇಕು?

ಹೆದ್ದಾರಿ ಕೆಲಸದ ಕೇಂದ್ರ ನಿಯಮಗಳಲ್ಲಿರುವ ಅಳತೆ ಮನೆ ಗೋಡೆಗೂ ಒಳ್ಳೆಯದೇ: ನಾಲ್ಕು ಇಂಚಿನ ಪೈಪು, ಉದ್ದಕ್ಕೂ ಎತ್ತರಕ್ಕೂ ಒಂದು ಮೀಟರಿಗಿಂತ ಹೆಚ್ಚು ಅಂತರ ಇಲ್ಲದಂತೆ, ಒಂದು ಸಾಲಿನದು ಇನ್ನೊಂದು ಸಾಲಿನ ನಡುವಿಗೆ ಬರುವಂತೆ. ಹೊರಮುಖಕ್ಕೆ ಸ್ವಲ್ಪ ಇಳಿಜಾರು, ಇಪ್ಪತ್ತಕ್ಕೆ ಒಂದರಷ್ಟು. ಕೆಳಗಿನ ಸಾಲು ನೆಲದಿಂದ ಅರ್ಧ ಅಡಿ ಮೇಲೆ. ಈ ಕೆಳಗಿನ ಸಾಲೇ ಮುಖ್ಯ. ಬರೀ ಮಧ್ಯದಲ್ಲಿ ಒಂದು ಸಾಲು ಬಿಟ್ಟರೆ ಅದರ ಕೆಳಗೆ ಐದಡಿ ನೀರು ನಿಂತೇ ಇರುತ್ತದೆ.

ಬಿಟ್ಟ ಮೇಲೆ ಅದನ್ನು ಮುಚ್ಚಬಾರದು. ಇದನ್ನು ಹೇಳಬೇಕಾಗಿ ಬಂದಿರುವುದು ಬೇಸರದ ವಿಷಯ. ತೀರ್ಥಹಳ್ಳಿ ಕಡೆಯ ಒಂದು ಮನೆಯ ಗೋಡೆ ನೋಡಿದ್ದೆ. ಮೇಸ್ತ್ರಿ ಪೈಪುಗಳನ್ನು ಚೆನ್ನಾಗಿಯೇ ಇಟ್ಟಿದ್ದರು. ಪೈಪಿನಿಂದ ಕೆಂಪು ನೀರು ಸುರಿದು ಹೊಸ ಬಣ್ಣದ ಮೇಲೆ ಗೀರು ಬಿದ್ದಿತ್ತು. ಗೃಹಪ್ರವೇಶದ ಮುಂಚೆ ಬಣ್ಣದವರು ಒಂದೊಂದೇ ತೂತಿಗೆ ಸಿಮೆಂಟ್ ಒತ್ತಿ, ಪುಟ್ಟಿ ಹೊಡೆದು, ಮೇಲೆ ಬಣ್ಣ ಬಳಿದಿದ್ದರು. ಮುಂದಿನ ಮಳೆಗಾಲಕ್ಕೆ ನೆಲದಿಂದ ಮೂರೂವರೆ ಅಡಿ ಎತ್ತರದಲ್ಲಿ ಉದ್ದಕ್ಕೂ ಕೂದಲೆಳೆಯ ಬಿರುಕು. ಅದರಿಂದ ಸುಣ್ಣದ ಬಿಳಿ ಗೆರೆಗಳು ಇಳಿದಿದ್ದವು. ಅಂಗೈ ಇಟ್ಟು ಸವರಿದರೆ ಗೋಡೆ ಹೊರಗೆ ಉಬ್ಬಿರುವುದು ಗೊತ್ತಾಗುತ್ತಿತ್ತು. ಕೆಳಗಿನ ಒಂದು ತೂತಿನ ಸಿಮೆಂಟನ್ನು ಬದಿಯಲ್ಲಿ ನಿಂತು ಒಡೆದಾಗ ನೀರು ಸುರಿಯಲಿಲ್ಲ, ಚಿಮ್ಮಿತು. ಅಂಗಳದ ನಡುವಿನ ತುಳಸಿಕಟ್ಟೆಗೆ ಹೋಗಿ ಬಿತ್ತು. ಆ ಗೋಡೆ ಉಳಿಯಿತು. ಗೀರು ಬೀಳಬಾರದೆಂದಿದ್ದರೆ ಪೈಪನ್ನು ಎರಡು ಇಂಚು ಹೊರಗೆ ಚಾಚಿ ಬಿಟ್ಟರೆ ಸಾಕಿತ್ತು.

ಗೋಡೆ ಹಿಂದೆ ಏನು ತುಂಬಬೇಕು? ಕಡಿದ ಮಣ್ಣನ್ನೇ ವಾಪಸ್ ಹಾಕಬಹುದಾ?

ಗೋಡೆಗೆ ತಾಗುವಂತೆ ಹಾಕಬೇಡಿ. ಜೇಡಿ, ಶೇಡಿ ಮಣ್ಣು ಪೈಪಿನ ಬಾಯಿ ಮುಚ್ಚುತ್ತದೆ. ನೀರನ್ನೂ ಬಿಡುವುದಿಲ್ಲ.

ಗೋಡೆಯ ಹಿಂದೆ ಎರಡಡಿ ಅಗಲ ನೀರು ಸೋಸುವ ಪದರ ಇರಲಿ. ಗೋಡೆಯ ಪಕ್ಕ ದಪ್ಪ ಜಲ್ಲಿ, ಆಮೇಲೆ ಸಣ್ಣ ಜಲ್ಲಿ, ಮಣ್ಣಿನ ಪಕ್ಕ ಮರಳು. ಇಲ್ಲವೇ ಜಲ್ಲಿಯನ್ನು ಜಿಯೋಟೆಕ್ಸ್‌ಟೈಲ್ ಬಟ್ಟೆಯಲ್ಲಿ ಸುತ್ತಿದರೂ ಆಗುತ್ತದೆ. ಅದು ನೀರು ಬಿಡುತ್ತದೆ, ಮಣ್ಣು ಬಿಡುವುದಿಲ್ಲ. ಪ್ಲಾಸ್ಟಿಕ್ ಹಾಳೆ ಇದಕ್ಕೆ ಬದಲಿಯಲ್ಲ. ಬುಡದಲ್ಲಿ ತೂತು ಕೊರೆದ ಪೈಪ್ ಮಲಗಿಸಿ, ಒಂದು ತುದಿಗೆ ಇಳಿಜಾರು ಕೊಟ್ಟು, ನೀರನ್ನು ಚರಂಡಿಗೆ ಬಿಡಿ. ಮೇಲೆ ಒಂದಡಿ ಮಾತ್ರ ಜೇಡಿ ಮಣ್ಣು ಬಡಿದು ಮುಚ್ಚಿ, ಇಲ್ಲದಿದ್ದರೆ ಮಾಡಿನ ನೀರು ನೇರ ಒಳಗೇ ಹೋಗುತ್ತದೆ.

ಅಜ್ಜನ ಕಾಲದ ಗಾರೆ ಇಲ್ಲದ ಕಲ್ಲಿನ ಗೋಡೆ ಹಾಗೇ ನಿಂತಿದೆ. ಹೊಸ ಸಿಮೆಂಟ್ ಗೋಡೆ ಬಿತ್ತು. ಯಾಕೆ?

ಆ ಗೋಡೆಯ ಪ್ರತಿ ಸಂದೂ ನೀರಿನ ದಾರಿ. ಹಿಂದೆ ನೀರು ನಿಲ್ಲುವುದೇ ಇಲ್ಲ. ಹಳಬರು ಬುಡ ಅಗಲ ಮಾಡಿ, ಮುಖವನ್ನು ಗುಡ್ಡದ ಕಡೆಗೆ ವಾಲಿಸಿ ಕಟ್ಟುತ್ತಿದ್ದರು, ಅದೂ ಒಂದು ಕಾರಣ. ಈಗ "ಗಟ್ಟಿಯಾಗಲಿ" ಎಂದು ಅಂಥ ಗೋಡೆಯ ಸಂದುಗಳಿಗೆ ಸಿಮೆಂಟ್ ತುಂಬುವುದನ್ನು ಕಾಣುತ್ತೇನೆ. ದಯವಿಟ್ಟು ಬೇಡ. ಗುಡ್ಡ ಪ್ರದೇಶದ ತಡೆಗೋಡೆಗಳ ಭಾರತೀಯ ಮಾನಕ ಐಎಸ್ 14458ರಲ್ಲಿ ಗಾರೆ ಇಲ್ಲದ ಕಲ್ಲಿನ ಗೋಡೆ ಕಟ್ಟುವುದಕ್ಕೆಂದೇ ಒಂದು ಭಾಗ ಇದೆ. ಎತ್ತರ ಕಮ್ಮಿ ಇದ್ದು, ಒಳ್ಳೆ ಕಲ್ಲು ಮತ್ತು ಕೈ ಪಳಗಿದ ಕೆಲಸಗಾರರು ಸಿಕ್ಕರೆ ಇದು ಈಗಲೂ ಒಳ್ಳೆಯ ಆಯ್ಕೆ. ತಂತಿ ಬಲೆಯೊಳಗೆ ಕಲ್ಲು ತುಂಬಿದ ಗೇಬಿಯನ್ ಗೋಡೆಗೂ ಇದೇ ಗುಣ ಇದೆ.

ಧರೆಯ ಮೇಲ್ಗಡೆ ಇಂಗುಗುಂಡಿ ಮಾಡಿದ್ದೇವೆ. ಬಾವಿಗೆ ಒಳ್ಳೆಯದಲ್ವಾ?

ಬಾವಿಗೆ ಒಳ್ಳೆಯದು, ಧರೆಗೆ ಅಲ್ಲ. ನೀರಿಂಗಿಸುವ ಕೆಲಸದ ಬಗ್ಗೆ ನನಗೆ ತುಂಬಾ ಗೌರವವಿದೆ. ಬಯಲು ಸೀಮೆಯಲ್ಲಿ, ಸಮತಟ್ಟು ಅಥವಾ ಸಣ್ಣ ಇಳಿಜಾರಿನ ಜಾಗದಲ್ಲಿ ಧಾರಾಳವಾಗಿ ಮಾಡಿ. ಆದರೆ ಕಡಿದಾದ ಗುಡ್ಡದಲ್ಲಿ, ಅದರಲ್ಲೂ ಕಡಿದ ಧರೆಯ ತಲೆಯ ಮೇಲೆ ಬೇಡವೇ ಬೇಡ. ಅಲ್ಲಿ ಇಂಗಿಸಿದ ಪ್ರತಿ ಕೊಡ ನೀರೂ ಧರೆಯೊಳಗಿನ ಒತ್ತಡಕ್ಕೆ ಸೇರುತ್ತದೆ. ಕಾಫಿ ತೋಟದಲ್ಲಿ ಮಳೆ ನೀರು ಹಿಡಿಯಲು ತೋಡುವ ತೊಟ್ಟಿಲು ಗುಂಡಿಗಳಿಗೂ ಇದೇ ಮಾತು. ಮನೆ ಹಿಂದಿನ ಕಡಿದಾದ ಭಾಗದಲ್ಲಿ ಅವನ್ನು ಬಿಟ್ಟುಬಿಡಿ.

ಶೌಚದ ಗುಂಡಿ, ಬಚ್ಚಲು ನೀರು, ಸೋರುವ ಟ್ಯಾಂಕು, ಒಡೆದ ಕುಡಿಯುವ ನೀರಿನ ಪೈಪು, ಇವು ಬೇಸಿಗೆಯಲ್ಲೂ ನೀರು ಇಳಿಸುತ್ತಲೇ ಇರುತ್ತವೆ. ಮೇಲಿನ ಮನೆಯ ಸೋರುವ ಪೈಪು ಕೆಳಗಿನ ಮನೆಯ ಗೋಡೆಗೆ ಕುತ್ತು ತರಬಹುದು. ಮಾರ್ಚಿನಲ್ಲೂ ಧರೆ ಒಸರುತ್ತಿದ್ದರೆ ಮೊದಲು ಇವನ್ನೇ ಹುಡುಕಿ.

ಧರೆ ಮೇಲೆ ಕಾಲುವೆ ತೆಗೆದರೆ ಸಾಕಾ?

ಮೇಲಿನಿಂದ ಹರಿದು ಬರುವ ನೀರನ್ನು ಧರೆಗೆ ಬರುವ ಮೊದಲೇ ಅಡ್ಡ ಹಿಡಿದು ಪಕ್ಕಕ್ಕೆ ಬಿಡುವುದು ತುಂಬಾ ಒಳ್ಳೆಯದು. ಆದರೆ ಬರೀ ಮಣ್ಣಿನ ಕಾಲುವೆ ತೆಗೆದು ಬಿಟ್ಟರೆ ಅದೇ ಉದ್ದನೆಯ ಇಂಗುಗುಂಡಿ ಆಗುತ್ತದೆ. ಕಲ್ಲು ಸಿಮೆಂಟ್ ಹಾಕಿ, ಒಳ್ಳೆ ಇಳಿಜಾರು ಕೊಡಿ. ಕೊನೆಯನ್ನು ಪಕ್ಕದವರ ಧರೆಗೆ ಬಿಡಬೇಡಿ. ಮಳೆಗಾಲದಲ್ಲಿ ಎಲೆ ಕಸ ತೆಗೆಯುತ್ತಿರಿ.

ಟಾರ್ಪಾಲು ಹೊದಿಸಿದರೆ?

ತಾತ್ಕಾಲಿಕಕ್ಕೆ ಆಗುತ್ತದೆ. ತಲೆಯ ಬಿರುಕಿಗೆ ನೀರು ಹೋಗುವುದನ್ನು ತಪ್ಪಿಸುತ್ತದೆ. ಮೇಲಿನ ಗುಡ್ಡದಿಂದ ಒಳಗೊಳಗೇ ಬರುವ ನೀರನ್ನು ಅದು ತಡೆಯಲಾರದು.

ಮರ ನೆಟ್ಟರೆ, ಲಾವಂಚ ಹಾಕಿದರೆ?

ಹಾಕಿ. ಬೇರು ಮೇಲಿನ ಒಂದೆರಡು ಮೀಟರ್ ಮಣ್ಣನ್ನು ಹಿಡಿಯುತ್ತದೆ, ಲಾವಂಚದ ಬೇರು ಇನ್ನೂ ಕೆಳಗೆ ಹೋಗುತ್ತದೆ. ಮೇಲ್ಮಣ್ಣು ಕೊಚ್ಚಿಹೋಗುವುದು ನಿಲ್ಲುತ್ತದೆ. ಆದರೆ ಐದಾರು ಮೀಟರ್ ಆಳದಲ್ಲಿ ಶೇಡಿಯ ಮೇಲೆ ಜಾರುವ ಕುಸಿತಕ್ಕೆ ಬೇರು ತಲುಪುವುದೇ ಇಲ್ಲ. ಕಾಡು ತುಂಬಿದ ಗುಡ್ಡಗಳೂ ಮರ ಸಮೇತ ಇಳಿದಿವೆ. ನೆಟ್ಟ ಧರೆಯ ಅಂಚಿನಲ್ಲಿ ದೊಡ್ಡ ಮರ ಮಾತ್ರ ಬೇಡ. ಗಾಳಿಗೆ ತೂಗಿ ತಲೆಯಲ್ಲಿ ಬಿರುಕು ಬಿಡಿಸುತ್ತದೆ.

ಗುಡ್ಡದೊಳಗಿನ ನೀರನ್ನು ಹೊರಗೆ ತೆಗೆಯಲು ಸಾಧ್ಯವಾ?

ಸಾಧ್ಯ. ಧರೆಯ ಬುಡದಿಂದ ಒಳಮುಖವಾಗಿ, ತುಸು ಮೇಲೇರುವಂತೆ ಅಡ್ಡ ಬೋರ್ ಕೊರೆದು ತೂತಿನ ಪೈಪ್ ಸೇರಿಸುತ್ತಾರೆ. ನೀರು ತಾನಾಗಿಯೇ ಇಳಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ನಮ್ಮ ಕರಾವಳಿಗೆ ಇದು ಹೊಸದಲ್ಲ. ಬಂಟ್ವಾಳದ ಮಾಣಿಲ, ಕಾಸರಗೋಡಿನ ಬಾಯಾರು ಕಡೆ ಗುಡ್ಡಕ್ಕೆ ಅಡ್ಡ ಸುರಂಗ ಕೊರೆದು ಕುಡಿಯಲು, ತೋಟಕ್ಕೆ ನೀರು ತಂದವರು ನೂರಾರು ಮಂದಿ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ತೋಡಿ ಬೋಳು ಗುಡ್ಡದಲ್ಲಿ ತೋಟ ಎಬ್ಬಿಸಿದರು, 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ತೋಡಿದ್ದು ನೀರಿಗಾಗಿ. ಗುಡ್ಡ ಉಳಿಸಲು ಎಂಜಿನಿಯರುಗಳು ಮಾಡುವುದೂ ಅದೇ ಕೆಲಸ, ಉದ್ದೇಶ ಬೇರೆ. ಹಾಗೆಂದು ಕುಸಿಯುವ ಧರೆಗೆ ನೀವೇ ಸುರಂಗ ಕೊರೆಯಲು ಹೋಗಬೇಡಿ. ಬೋರ್ ಯಂತ್ರದ್ದೇ ಆಗಬೇಕು, ಅದೂ ಬೇಸಿಗೆಯಲ್ಲಿ.

ಹಾಂಗ್‌ಕಾಂಗಿನ ಉದಾಹರಣೆ ನನಗೆ ತುಂಬಾ ಹಿಡಿಸುತ್ತದೆ. 1972ರ ಜೂನ್ 18ರಂದು ಒಂದೇ ದಿನ ಅಲ್ಲಿ ಎರಡು ಕಡೆ ಗುಡ್ಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 1976ರಲ್ಲಿ ಮತ್ತೊಂದು ಕುಸಿತ. 1977ರಲ್ಲಿ ಧರೆಗಳನ್ನು ನೋಡಿಕೊಳ್ಳಲೆಂದೇ ಒಂದು ಸರ್ಕಾರಿ ಕಚೇರಿ ಶುರುವಾಯಿತು. ಈಗ ಅಲ್ಲಿನ ಸುಮಾರು 60,000 ಕಡಿದ ಧರೆ, ತಡೆಗೋಡೆಗಳಿಗೆ ನೋಂದಣಿ ಸಂಖ್ಯೆ ಇದೆ. ಯಾವುದನ್ನು ಯಾರು ನೋಡಿಕೊಳ್ಳಬೇಕು ಎಂಬ ದಾಖಲೆ ಇದೆ. ಕುಸಿದಿದ್ದ ಪೋ ಶಾನ್ ರಸ್ತೆಯ ಗುಡ್ಡದೊಳಗೆ ನೀರು ಬಸಿಯಲೆಂದೇ ಸುರಂಗ ಕೊರೆದಿದ್ದಾರೆ. ಕೊಡಗಿನಲ್ಲಿ, ಉತ್ತರ ಕನ್ನಡದಲ್ಲಿ ಪಂಚಾಯಿತಿ ಮಟ್ಟದಲ್ಲಿ ಇಂಥ ಒಂದು ಪಟ್ಟಿ ಮಾಡುವುದು ಆಗದ ಕೆಲಸವೇನಲ್ಲ.

ನೆರೆ ಇಳಿದ ಮೇಲೆ ಹೊಳೆ ದಂಡೆ ಯಾಕೆ ಕುಸಿಯುತ್ತದೆ?

ನೆರೆ ಇದ್ದಾಗ ಹೊರಗಿನ ನೀರು ದಂಡೆಯನ್ನು ಒತ್ತಿ ಹಿಡಿದಿರುತ್ತದೆ. ಹೊಳೆ ಬೇಗ ಇಳಿಯುತ್ತದೆ, ದಂಡೆಯೊಳಗೆ ಹೋದ ನೀರು ಅಷ್ಟು ಬೇಗ ಇಳಿಯುವುದಿಲ್ಲ. ಹೊರಗಿನ ಆಧಾರ ಹೋಯಿತು, ಒಳಗಿನ ಒತ್ತಡ ಉಳಿಯಿತು. ತುಂಬಿದ ಕೃಷಿ ಹೊಂಡವನ್ನು ಪಂಪು ಹಚ್ಚಿ ಒಂದೇ ದಿನದಲ್ಲಿ ಖಾಲಿ ಮಾಡಬಾರದು ಅನ್ನುವುದೂ ಇದಕ್ಕೇ.

ಯಾವ ಲಕ್ಷಣ ಕಂಡರೆ ಮನೆ ಬಿಡಬೇಕು?

ಧರೆಯ ಮೇಲೆ ಅಂಚಿಗೆ ಸಮನಾಗಿ ಹೊಸ ಬಿರುಕು, ಅದರಲ್ಲೂ ಬಿರುಕಿನ ಒಂದು ಬದಿ ಕೆಳಗೆ ಕೂತಿದ್ದರೆ. ತಿಳಿಯಾಗಿದ್ದ ಒರತೆ ಕೆಂಪಾದರೆ. ಜೋರು ಮಳೆಯಲ್ಲೂ ವೀಪ್ ಹೋಲಿನಿಂದ ನೀರು ಬರುವುದು ನಿಂತರೆ. ಇದನ್ನು ನೋಡಿ ಸಮಾಧಾನ ಪಡುವವರೇ ಜಾಸ್ತಿ, ನಿಜಕ್ಕೆ ಅದು ದಾರಿ ಕಟ್ಟಿಕೊಂಡ ಗುರುತು. ಬಾಗಿಲು, ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾದರೆ, ಅಂಗಳದ ನೆಲ ಉಬ್ಬಿದರೆ, ಕರೆಂಟು ಕಂಬ ವಾಲಿದರೆ ಯೋಚನೆ ಮಾಡುತ್ತಾ ಕೂರಬೇಡಿ. ರಾತ್ರಿಯಾದರೂ ಹೊರಡಿ. ಜಿಲ್ಲೆಯ ನಿಯಂತ್ರಣ ಕೊಠಡಿಯ ಸಂಖ್ಯೆ 1077, ತುರ್ತಿಗೆ 112. ಹೋಗುವಾಗ ಪಕ್ಕದ ಮನೆಯವರನ್ನೂ, ಕೆಳಗಿನ ಮನೆಯವರನ್ನೂ ಎಬ್ಬಿಸಿ ಕರೆದುಕೊಂಡು ಹೋಗಿ.

ನಮ್ಮ ಗೋಡೆ ಈಗಾಗಲೇ ಉಬ್ಬಿದೆ. ಏನು ಮಾಡಲಿ?

ಮಳೆ ಜೋರಾಗಿರುವಾಗ ಗೋಡೆಯ ಎದುರು ಯಾರೂ ನಿಲ್ಲಬಾರದು. ಗೋಡೆಗೆ ತಾಗಿದ ಕೋಣೆಯಲ್ಲಿ ಮಲಗಬೇಡಿ. ಮುಚ್ಚಿದ ಪೈಪುಗಳಿದ್ದರೆ ಬದಿಯಲ್ಲಿ ನಿಂತು ಉದ್ದನೆಯ ಸರಳಿನಿಂದ ಚುಚ್ಚಿ ನೋಡಬಹುದು, ಗೋಡೆ ಅಲುಗುವ ಸ್ಥಿತಿಯಲ್ಲಿದ್ದರೆ ಅದನ್ನೂ ಮಾಡಬೇಡಿ. ಮೇಲಿನ ನೀರನ್ನು ಬೇರೆ ಕಡೆ ತಿರುಗಿಸಿ. ಗೋಡೆಯ ಮೇಲೆ ಪೇರಿಸಿದ ಕಲ್ಲು, ಮರಳು, ಮಣ್ಣು ಇದ್ದರೆ ಮಳೆ ಬಿಟ್ಟಾಗ ಮೇಲಿನಿಂದಲೇ ತೆಗೆಸಿ. ಬುಡದಲ್ಲಿ ಚರಂಡಿ ತೋಡಲು ಮಾತ್ರ ಹೋಗಬೇಡಿ, ಉಳಿದ ಆಧಾರವೂ ಹೋಗುತ್ತದೆ.

ಮಳೆಗಾಲ ಮುಗಿದ ಮೇಲೆ ಮಣ್ಣಿನ ಕೆಲಸ ಗೊತ್ತಿರುವ ಎಂಜಿನಿಯರನ್ನು ಕರೆಸಿ. ಮನೆ ಪ್ಲಾನ್ ಹಾಕುವವರಿಗೆಲ್ಲ ಇದು ಗೊತ್ತಿರುತ್ತದೆ ಎಂದಲ್ಲ. ಅವರು ಬಂದಾಗ ಸಿಮೆಂಟಿನ ಲೆಕ್ಕ ಕೇಳುವ ಮೊದಲು ಎರಡು ವಿಷಯ ಕೇಳಿ: ಜುಲೈನಲ್ಲಿ ಈ ಗೋಡೆಯ ಹಿಂದೆ ನೀರು ಎಷ್ಟು ಎತ್ತರ ನಿಲ್ಲುತ್ತದೆ, ಅದು ಎಲ್ಲಿಂದ ಹೊರಗೆ ಹೋಗುತ್ತದೆ? ಹತ್ತಿರ ಬಾವಿ ಇದ್ದರೆ ಈ ವರ್ಷವೇ ವಾರಕ್ಕೊಮ್ಮೆ ನೀರಿನ ಮಟ್ಟ ಬರೆದಿಡಿ. ಒಸರುವ ಜಾಗದ ಫೋಟೊ ತಾರೀಖಿನ ಸಮೇತ ತೆಗೆದಿಡಿ. ಜನವರಿಯಲ್ಲಿ ಬರುವ ಎಂಜಿನಿಯರಿಗೆ ಒಣಗಿದ ಧರೆ ಮಾತ್ರ ಕಾಣುತ್ತದೆ. ಜುಲೈನ ನೀರನ್ನು ತೋರಿಸಬೇಕಾದವರು ನೀವೇ.